ನಮೀಬಿಯಾ: ಬಂಡೆ ಕೆತ್ತನೆ, ಮರುಭೂಮಿ ಆನೆ ನೋಡಲು ನಾವೇ ಗಾಡಿ ಓಡಿಸಬಹುದಾ?

ವಾಣಿ_ಹುಬ್ಬಳ್ಳಿ: ಆಗಸ್ಟ್‌ನಲ್ಲಿ ನಾನೂ ನಮ್ಮ ಯಜಮಾನರೂ ನಮೀಬಿಯಾದ ಡಮರಾಲ್ಯಾಂಡ್‌ಗೆ ಹೊರಟಿದ್ದೇವೆ. ಬಂಡೆ ಮೇಲಿನ ಹಳೇ ಚಿತ್ರಗಳು, ಮರುಭೂಮಿ ಆನೆಗಳು, ಎರಡೂ ನೋಡಬೇಕು. ಸ್ಟೇರಿಂಗ್ ನಮ್ಮ ಥರ ಬಲಗಡೆನೇ ಅಂತ ಇವರು ಭಾರಿ ಧೈರ್ಯದಲ್ಲಿದ್ದಾರೆ. ನದಿ ಪಾತ್ರದಲ್ಲೇ ಟೆಂಟ್ ಹಾಕೋಣ ಅಂತಲೂ ಹೇಳ್ತಾರೆ!

ರಘು_ಜೋಬರ್ಗ್: ಸ್ಟೇರಿಂಗ್ ಬಲಗಡೆ ಸರಿ ಮೇಡಂ, ರಸ್ತೆ ಮಾತ್ರ ಜಲ್ಲಿಯದ್ದು. ಖಾಲಿ ಇದೆ ಅಂತ ಒತ್ತಿದರೆ ತಿರುವಿನಲ್ಲಿ ಪಲ್ಟಿ. 80 ದಾಟಬೇಡಿ. ಎರಡು ಸ್ಟೆಪ್ನಿ ಕೇಳಿ. ದಾರಿಯ ಖೋರಿಕ್ಸಾಸ್ ಊರಲ್ಲಿ ಅರ್ಧ ಟ್ಯಾಂಕ್ ಇದ್ದರೂ ತುಂಬಿಸಿಕೊಳ್ಳಿ.

ಟ್ವೈಫಲ್‌ಫಾಂಟೈನ್‌ಗೆ ಬೆಳಿಗ್ಗೆ ಬೇಗ ಹೋಗಿ. 2,000ಕ್ಕೂ ಹೆಚ್ಚು ಚಿತ್ರಗಳಿವೆ, 2007ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹೆಚ್ಚಿನವು ಕೆಂಪು ಮರಳುಗಲ್ಲಿನ ಮೇಲೆ ಕುಟ್ಟಿ ಕೆತ್ತಿದವು. ಓರೆ ಬಿಸಿಲು ಬಿದ್ದರೇನೇ ಗೆರೆ ಎದ್ದು ಕಾಣುತ್ತದೆ, ಮಧ್ಯಾಹ್ನ ಬರೀ ಬಂಡೆ. ಅಲ್ಲೊಂದು ಸಿಂಹ ಇದೆ. ಕಾಲಿಗೆ ಐದೈದು ಬೆರಳು, ಬಾಲದ ತುದಿಯಲ್ಲೂ ಒಂದು ಪಂಜ! ಕೆತ್ತಿದವನಿಗೆ ಸಿಂಹ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಪೂಜಾರಿಯಂಥವನು ಮೈದುಂಬಿ ಸಿಂಹವಾಗುತ್ತಿರುವ ಚಿತ್ರ ಅದು ಅಂತ ತಿಳಿದವರು ಹೇಳುತ್ತಾರೆ. ನಮ್ಮೂರ ಭೂತಕೋಲ ನೋಡಿದವನಿಗೆ ಇದನ್ನು ನಂಬೋದು ಕಷ್ಟವಲ್ಲ.

ಇಕ್ಬಾಲ್_ಬಂಟ್ವಾಳ: ಬ್ರಾಂಡ್‌ಬರ್ಗ್ ಬೆಟ್ಟದ 'ವೈಟ್ ಲೇಡಿ' ಚಿತ್ರ ನೋಡದೆ ಬಿಡಬಹುದಾ? ಗೈಡ್ ಇಲ್ಲದೆ ಬಿಡಲ್ಲವಂತೆ. ಸುಮ್ನೆ ದುಡ್ಡು ಕೀಳೋದು ಅಲ್ವಾ?

ರಘು_ಜೋಬರ್ಗ್: ಬಿಡಬೇಡಿ. ಅದು ಕೆತ್ತಿದ್ದಲ್ಲ, ಬಣ್ಣದ ಚಿತ್ರ. ಹೆಸರು ಲೇಡಿ ಅಂತಿದ್ದರೂ ಅದು ಗಂಡಸು ಅನ್ನೋದೇ ಈಗಿನ ಅಭಿಪ್ರಾಯ. ಗೈಡ್ ಯಾಕೆ ಅಂದರೆ, ಹಿಂದೆ ಬಂದವರು ಫೋಟೊ ಚೆನ್ನಾಗಿ ಬರಲಿ ಅಂತ ನೀರು ಎರಚಿ ಎರಚಿ ಬಣ್ಣ ಮಾಸಿಸಿದ್ದಾರೆ. ಈಗ ಕಂಬಿ ಹಾಕಿದ್ದಾರೆ. ನನ್ನ ಕೇಳಿದರೆ ಆ ದುಡ್ಡು ಕಮ್ಮಿಯೇ.

ವಾಣಿಯವರೇ, ಟೆಂಟ್ ವಿಷಯ. ಹುವಾಬ್, ಉಗಾಬ್ ನದಿ ಪಾತ್ರಗಳು ವರ್ಷದ ಬಹುಪಾಲು ಒಣಮರಳು. ಆದರೆ ಮರ, ಮೇವು, ಒರತೆ ನೀರು ಇರೋದು ಅಲ್ಲೇ. ಆನೆ ಕಾಲಲ್ಲಿ ಮರಳು ಕೆದಕಿ ನೀರು ಕುಡಿಯುತ್ತದೆ, ಅದೇ ದಾರಿಯಲ್ಲಿ ರಾತ್ರಿ ಓಡಾಡುತ್ತದೆ. ಅವುಗಳ ಹಾದೀಲಿ ಮಲಗ್ತೀರಾ? ಮಳೆಗಾಲದಲ್ಲಾದರೆ ಮೇಲಿಂದ ದಿಢೀರ್ ಪ್ರವಾಹವೂ ಬರುತ್ತದೆ. ದಡದ ಕ್ಯಾಂಪ್‌ಸೈಟ್ ಹಿಡಿಯಿರಿ. ಆನೆ ನೋಡಲು ಲಾಡ್ಜ್‌ನವರ ಗಾಡಿಯಲ್ಲೇ ಹೋಗಿ. ಮರಳಲ್ಲಿ ಟೈರಿನ ಗಾಳಿ ಇಳಿಸೋದು ಅವರಿಗೆ ರೂಢಿ.

ವಾಣಿ_ಹುಬ್ಬಳ್ಳಿ: ಇವರಿಗೆ ಓದಿ ಹೇಳಿದೆ. ಟೆಂಟ್ ಕ್ಯಾನ್ಸಲ್. 80ರ ಬಗ್ಗೆ ಇನ್ನೂ ಚರ್ಚೆ ನಡೀತಿದೆ.