ಪ್ರಶ್ನೋತ್ತರ: ಶಿವಮೊಗ್ಗದ ಹಿಂದಿನ ವರ್ಷಗಳ ಗಾಳಿಯ ಲೆಕ್ಕ ಎಲ್ಲಿ ಸಿಗುತ್ತೆ, ಓದೋದು ಹೇಗೆ?

ಪ್ರಶ್ನೆ (ವಿನೋಬನಗರ, ಶಿವಮೊಗ್ಗ):
ನಮಸ್ಕಾರ ಸರ್. ನಮ್ಮ ಅತ್ತೆಗೆ 71 ವರ್ಷ, ಉಬ್ಬಸ ಇದೆ. ಮೂರು ವರ್ಷದಿಂದ ಅವರಿಗೆ ಜೋರು ಬಂದ ದಿನಕ್ಕೆಲ್ಲ ಅಡುಗೆಮನೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕ್ತಾ ಬಂದಿದೀನಿ. ಮಳೆಗಾಲದ ಹಾಳೆಗಳಲ್ಲಿ ಸುತ್ತು ಕಮ್ಮಿ. ದೀಪಾವಳಿ ಕಳೆದ ಮೇಲೆ ಶಿವರಾತ್ರಿವರೆಗೆ ಜಾಸ್ತಿ. ಡಾಕ್ಟರು ಕ್ಯಾಲೆಂಡರ್ ನೋಡಿ, "ಆ ದಿನಗಳ ಗಾಳಿಯ ಲೆಕ್ಕವೂ ಸಿಕ್ಕರೆ ತನ್ನಿ" ಅಂದ್ರು. ಫೋನಲ್ಲಿ ಎರಡು ಆ್ಯಪ್ ಹಾಕಿ ನೋಡಿದೆ. ಒಂದೇ ದಿನಕ್ಕೆ ಒಂದರಲ್ಲಿ 98, ಇನ್ನೊಂದರಲ್ಲಿ 153. ಯಾವುದನ್ನ ನಂಬಲಿ? ಹಳೇ ವರ್ಷಗಳದ್ದು ಎಲ್ಲಿ ಸಿಗುತ್ತೆ?

ಉತ್ತರ (ಪರಿಸರ ಎಂಜಿನಿಯರ್, ಗಾಳಿ ಮಾಪನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು):
ಮೇಡಂ, ಮೊದಲು ಆ ಕ್ಯಾಲೆಂಡರನ್ನ ಜೋಪಾನವಾಗಿ ಇಟ್ಕೊಳ್ಳಿ. ಗಾಳಿಯ ಅಂಕಿ ಎಲ್ಲಿಂದಾದರೂ ತರಬಹುದು, ಅತ್ತೆಯವರ ಮೂರು ವರ್ಷದ ದಿನಚರಿ ಬೇರೆ ಎಲ್ಲೂ ಸಿಗೋದಿಲ್ಲ.

98 ಮತ್ತು 153 ಎರಡೂ ಸರಿ ಇರಬಹುದು. ಅವು ಸೂಚ್ಯಂಕಗಳು, ಗಾಳಿಯಲ್ಲಿರುವ ದೂಳಿನ ತೂಕ ಅಲ್ಲ. ಪಿಎಂ 2.5 ಅನ್ನುವ ಸಣ್ಣ ಕಣ ಒಂದು ಘನ ಮೀಟರ್ ಗಾಳಿಯಲ್ಲಿ 59 ಮೈಕ್ರೋಗ್ರಾಂ ಇದೆ ಅಂದ್ಕೊಳ್ಳಿ. ನಮ್ಮ ದೇಶದ ಸೂಚ್ಯಂಕದಲ್ಲಿ ಅದು 98, ಅಂದ್ರೆ 'ತೃಪ್ತಿಕರ'. ಅದೇ ಗಾಳಿಯನ್ನ ಅಮೆರಿಕದ ಅಳತೆಗೋಲಿಗೆ ಹಾಕಿದ್ರೆ 153, ಅಂದ್ರೆ 'ಅನಾರೋಗ್ಯಕರ'. ಎಷ್ಟೋ ಖಾಸಗಿ ಆ್ಯಪ್‌ಗಳು ಅಮೆರಿಕದ ಅಳತೆಗೋಲನ್ನೇ ಬಳಸ್ತವೆ. ಹತ್ತಿರದಲ್ಲಿ ಮಾಪನ ಕೇಂದ್ರ ಇಲ್ಲದ ಊರಿಗೆ ಗಣಿತದ ಅಂದಾಜನ್ನೂ ಅದೇ ಬಣ್ಣದಲ್ಲಿ ತೋರಿಸ್ತವೆ. ಹಾಗಾಗಿ ಸೂಚ್ಯಂಕ ಬಿಟ್ಟು, ಮೈಕ್ರೋಗ್ರಾಂ ಲೆಕ್ಕವನ್ನೇ ಹುಡುಕಿ.

ಅದು ಸಿಗೋದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ. ನಿಮ್ಮ ವಿನೋಬನಗರದಲ್ಲೇ ರಾಜ್ಯ ಮಂಡಳಿಯ ಸ್ವಯಂಚಾಲಿತ ಕೇಂದ್ರ ಇದೆ. ರಾಜ್ಯ, ಊರು, ಕೇಂದ್ರ ಆರಿಸಿ, ಪಿಎಂ 2.5 ಮತ್ತು ಪಿಎಂ 10ಕ್ಕೆ (ಇದರಲ್ಲಿ ಸ್ವಲ್ಪ ದಪ್ಪ ಕಣಗಳೂ ಸೇರಿರ್ತವೆ) ಗುರುತು ಹಾಕಿ, ಗಂಟೆಯ ಸರಾಸರಿ ಕೇಳಿ, ದಿನಾಂಕ ಕೊಟ್ಟು ಎಕ್ಸೆಲ್ ಹಾಳೆ ಇಳಿಸ್ಕೊಳ್ಳಿ. ದಿನದ ಸರಾಸರಿಯೂ ಸಿದ್ಧವಾಗಿ ಸಿಗುತ್ತೆ, ಆದ್ರೆ ಗಂಟೆಯದ್ದು ಇದ್ದರೆ ಆ ಸರಾಸರಿ ಎಷ್ಟು ಗಂಟೆಗಳ ಮೇಲೆ ನಿಂತಿದೆ ಅಂತ ಕಣ್ಣಿಗೆ ಕಾಣುತ್ತೆ. ಕರೆಂಟ್ ಹೋದಾಗ, ಯಂತ್ರವನ್ನ ಸರಿಹೊಂದಿಸುವಾಗ ಎಕ್ಸೆಲ್ ಹಾಳೆಯ ಕೆಲವು ಮನೆಗಳು, ಅಂದ್ರೆ ಚೌಕಗಳು, ಖಾಲಿ ಉಳೀತವೆ. ಸೂಚ್ಯಂಕ ಕಟ್ಟೋಕೆ ದಿನಕ್ಕೆ ಕನಿಷ್ಠ 16 ಗಂಟೆಯ ಅಂಕಿ ಬೇಕು ಅನ್ನೋ ನಿಯಮ ಇದೆ, ನೀವೂ ಅದನ್ನೇ ಪಾಲಿಸಿ. ಅದಕ್ಕಿಂತ ಕಡಿಮೆ ಇರುವ ದಿನವನ್ನ ಲೆಕ್ಕದಿಂದ ಕೈಬಿಡಿ. ಖಾಲಿ ಮನೆಗೆ ಸೊನ್ನೆ ತುಂಬಲೇಬೇಡಿ. ಸೊನ್ನೆ ಅಂದ್ರೆ ಗಾಳಿ ಶುದ್ಧವಾಗಿತ್ತು ಅಂತ ಆಗುತ್ತೆ, ಇಡೀ ತಿಂಗಳ ಸರಾಸರಿ ಸುಳ್ಳಾಗುತ್ತೆ. ಒಂದೇ ಅಂಕಿ ಗಂಟೆಗಟ್ಟಲೆ ಹಾಗೇ ಮುಂದುವರಿದಿದ್ರೆ ಅದನ್ನೂ ಅನುಮಾನದಿಂದ ನೋಡಿ, ಗಾಳಿ ಅಷ್ಟು ಹೊತ್ತು ಅಲ್ಲಾಡದೆ ಇರೋದಿಲ್ಲ.

ಆಮೇಲೆ ಪ್ರತಿ ದಿನದ ಪಕ್ಕ ಹಿಂದಿನ ಎರಡು ದಿನಗಳ ಸರಾಸರಿಯನ್ನೂ ಬರೀರಿ. ಇವತ್ತು ಕುಡಿದ ಹೊಗೆ ಎದೆಗೆ ಕೂತು ನಾಳೆ, ನಾಡಿದ್ದು ಕಾಟ ಕೊಡೋದುಂಟು. ಸುತ್ತು ಹಾಕಿದ ದಿನದ ಅಂಕಿ ಮಾತ್ರ ನೋಡಿದ್ರೆ ಆ ನಂಟು ತಪ್ಪಿಹೋಗುತ್ತೆ. ಸುತ್ತಿಲ್ಲದ ದಿನಗಳನ್ನೂ ಬಿಡದೆ ಬರೀರಿ, ಹೋಲಿಕೆಗೆ ಅವೂ ಬೇಕು.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಸರ್. ನಮ್ಮ ಮಾವ ಇನ್ನೊಂದು ಕೇಳ್ತಿದಾರೆ. ಸ್ವಯಂಚಾಲಿತ ಯಂತ್ರ ಬರೋಕೆ ಮುಂಚಿನ ಕಾಲದ್ದು ಏನೂ ಇಲ್ವಾ? ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಡೀತಿದ್ದಾಗ ಅವರು ಅಲ್ಲೇ ಕೆಲಸದಲ್ಲಿದ್ದೋರು.

ಉತ್ತರ:
ದೇಶದಲ್ಲಿ ಕೈಯಿಂದ ಅಳೆಯುವ ಕಾರ್ಯಕ್ರಮ 1984ರಿಂದಲೇ ಇದೆ. ನಾನು ಕೆಲಸ ಕಲಿತದ್ದೂ ಅದರಲ್ಲೇ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಬಿಳೀ ಗಾಜುನಾರಿನ ಫಿಲ್ಟರ್ ಹಾಳೆಯನ್ನ ತೇವ ಆರಿಸಿ, ತೂಕ ಮಾಡಿ, ಯಂತ್ರಕ್ಕೆ ಹಾಕ್ತಿದ್ವಿ. ಅದು ನಿಮಿಷಕ್ಕೆ ಒಂದು ಘನ ಮೀಟರಿನಷ್ಟು ಗಾಳಿ ಎಳೀತಿತ್ತು. ಎಂಟು ಗಂಟೆ ಆದಮೇಲೆ ಚಿಮಟದಲ್ಲಿ ಹಾಳೆ ತೆಗೆದು, ಮಡಚಿ, ಮತ್ತೆ ಒಣಗಿಸಿ, ಮತ್ತೆ ತೂಕ. ಹೆಚ್ಚಾದ ತೂಕವೇ ದೂಳು. ಶ್ರಾವಣದಲ್ಲಿ ತೆಗೆದ ಹಾಳೆ ಹೆಚ್ಚುಕಮ್ಮಿ ಬಿಳಿಯೇ ಇರ್ತಿತ್ತು, ಪುಷ್ಯದ ಹಾಳೆಗೆ ಬಾಣಲೆ ತಳದ ಮಸಿಯ ಬಣ್ಣ. ವಾರಕ್ಕೆ ಎರಡು ದಿನ, ವರ್ಷಕ್ಕೆ 104 ದಿನ ಅಳೆಯಬೇಕು ಅನ್ನೋದು ಪದ್ಧತಿ. ಹಾಗಾಗಿ ಹಳೇ ಅಂಕಿಯಲ್ಲಿ "ಇಂಥ ದಿನ ಗಾಳಿ ಹೇಗಿತ್ತು" ಅಂತ ಹುಡುಕಬೇಡಿ. ವರ್ಷದ, ಋತುವಿನ ಸರಾಸರಿಗೆ ಅದು ಆಗುತ್ತೆ.

ಹಳೇ ಕಾಗದಗಳಲ್ಲಿ ಎಡವುವ ಜಾಗ ಒಂದಿದೆ. 2009ರ ನವೆಂಬರ್‌ನಲ್ಲಿ ಮಾನದಂಡ ಬದಲಾಯ್ತು. ಅದಕ್ಕೂ ಮುಂಚೆ ಎಸ್‌ಪಿಎಂ ಅಂತ ಬರೀತಿದ್ರು, ಅಂದ್ರೆ ಗಾಳಿಯಲ್ಲಿ ತೇಲುವ ದಪ್ಪ, ಸಣ್ಣ ಎಲ್ಲ ದೂಳೂ ಸೇರಿದ್ದು. ಈಗ ಬರೆಯೋದು ಪಿಎಂ 10 ಮತ್ತು ಪಿಎಂ 2.5. ಹಳೇ ಎಸ್‌ಪಿಎಂ ಪಕ್ಕ ಇವತ್ತಿನ ಪಿಎಂ 10 ಇಟ್ಟು "ಗಾಳಿ ಅರ್ಧಕ್ಕರ್ಧ ಸುಧಾರಿಸಿದೆ" ಅಂದ್ರೆ, ಹೊಟ್ಟು ಸಮೇತ ತೂಗಿದ ಭತ್ತವನ್ನ ಅಕ್ಕಿಗೆ ಹೋಲಿಸಿದ ಹಾಗೆ. ಆರ್‌ಎಸ್‌ಪಿಎಂ (ಉಸಿರಿನ ಜೊತೆ ಒಳಗೆ ಹೋಗುವಷ್ಟು ಸಣ್ಣ ದೂಳು) ಅನ್ನೋ ಅಂಕಣ ಇದ್ದರೆ ಅದು ಪಿಎಂ 10ಕ್ಕೆ ಹತ್ತಿರ, ಅದನ್ನ ಹೋಲಿಸಬಹುದು.

ಇಂಥ ಹಳೇ ಹಾಳೆಗಳಿಗೆ ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲೆ, 150 ಪದದೊಳಗೆ ಇರಬೇಕು. ಅದಕ್ಕೇ ಬರೀ "ಗಾಳಿಯ ಮಾಹಿತಿ ಕೊಡಿ" ಅನ್ನಬೇಡಿ. ಕೇಂದ್ರದ ಜಾಗ, ವರ್ಷಗಳು, ಯಾವ ದೂಳು, ದಿನವಾರು ಅಂಕಿ, ಅಳೆದ ವಿಧಾನ ಇಷ್ಟನ್ನೂ ಹೆಸರಿಸಿ. ಭದ್ರಾವತಿಗೆ ಬೇರೆ ಅರ್ಜಿ. ಅಲ್ಲಿ ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತದ್ದು 2015ರಲ್ಲಿ. ಹಿಂದಿನ ಕೆಲವು ವರ್ಷ, ಮುಂದಿನ ಕೆಲವು ವರ್ಷ ಎರಡನ್ನೂ ಕೇಳಿದ್ರೆ ನಿಮ್ಮ ಮಾವನವರ ಪ್ರಶ್ನೆಗೆ ಬೇಕಾದ ಅಂಕಿ ಕೈಗೆ ಬರುತ್ತೆ.

ಇನ್ನೊಬ್ಬ ಸದಸ್ಯರು (ತೀರ್ಥಹಳ್ಳಿ ಕಡೆಯಿಂದ):
ಸರ್, ನಮ್ಮ ಕಡೆ ಕೇಂದ್ರ ಇಲ್ಲ. ಅಡಿಕೆ ಸುಗ್ಗಿಯಲ್ಲಿ ಅಂಗಳದಲ್ಲೇ ಹಂಡೆ ಇಟ್ಟು ಬೇಯಿಸ್ತೀವಿ, ಹೊಗೆ ಇಡೀ ಕೇರಿಗೆ. ಶಿವಮೊಗ್ಗದ ಅಂಕಿಯನ್ನೇ ಇಟ್ಕೊಳ್ಳಬಹುದಾ? ಉಪಗ್ರಹದ್ದೂ ಸಿಗುತ್ತಂತಲ್ಲ?

ಉತ್ತರ:
ಶಿವಮೊಗ್ಗದ ಅಂಕಿಯನ್ನ ನಿಮ್ಮ ಕೇರಿಗೆ ಹಚ್ಚಬೇಡಿ. ಅಲ್ಲಿಯದು ವಾಹನ, ರಸ್ತೆ ದೂಳು. ನಿಮ್ಮದು ಸೌದೆ ಹೊಗೆ. ಉಪಗ್ರಹ ಮತ್ತು ಹವಾಮಾನದ ಮಾದರಿ ಸೇರಿಸಿ ನಾಸಾದವರು ಕಟ್ಟಿದ ಲೆಕ್ಕ 1980ರಿಂದಲೇ ಉಚಿತವಾಗಿ ಸಿಗುತ್ತೆ, ಆದ್ರೆ ಅದರ ಒಂದೊಂದು ಚೌಕ 50 ಕಿಲೋಮೀಟರಿಗಿಂತ ಹೆಚ್ಚು ಅಗಲ. ಇಡೀ ಮಲೆನಾಡು ನಾಲ್ಕು ದಶಕದಲ್ಲಿ ಹೇಗೆ ಬದಲಾಯ್ತು ಅಂತ ತಿಳಿಯೋಕೆ ಒಳ್ಳೇದು, ನಿಮ್ಮ ಅಂಗಳದ ಒಲೆ ಅದಕ್ಕೆ ಕಾಣೋದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಮುಚ್ಚಿರೋದ್ರಿಂದ ಉಪಗ್ರಹಕ್ಕೆ ನಮ್ಮ ನೆಲವೇ ಸರಿಯಾಗಿ ಕಾಣಲ್ಲ, ಆ ತಿಂಗಳುಗಳಲ್ಲಿ ಮಾದರಿಯ ಊಹೆಯೇ ಹೆಚ್ಚು. ಸಣ್ಣ ಸೆನ್ಸರ್ ಕೊಂಡು ಜಗಲಿಗೆ ಹಾಕೋ ಯೋಚನೆ ಇದ್ರೆ, ಕಾವಳ ಕವಿದ ಬೆಳಗಿನ ಅಂಕಿಯನ್ನ ಬೇರೆ ಬರೆದಿಡಿ. ಅವು ಬೆಳಕು ಚದುರೋದನ್ನ ನೋಡಿ ಎಣಿಸ್ತವೆ, ನೀರಿನ ಹನಿಯನ್ನೂ ದೂಳು ಅಂತ ಎಣಿಸಿಬಿಡ್ತವೆ.

ಪ್ರಶ್ನೆ ಕೇಳಿದವರು:
ಸರ್, ಕೊನೇದೊಂದು. ಅತ್ತೆ ಚಳಿಗಾಲದಲ್ಲೂ ಐದೂವರೆಗೆ ಎದ್ದು ದೇವರಿಗೆ ಹೂ ಕೊಯ್ಯೋಕೆ ಹಿತ್ತಲಿಗೆ ಹೋಗ್ತಾರೆ. ಬೇಡ ಅಂದ್ರೆ ಕೇಳಲ್ಲ.

ಉತ್ತರ:
ಬೇಡ ಅನ್ನಬೇಡಿ, ಹೊತ್ತು ಬದಲಾಯಿಸಬಹುದಾ ನೋಡೋಣ. ಚಳಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲೇಳದೆ ಕೂತಿರುತ್ತೆ. ಹಿಂದಿನ ಸಂಜೆ ಸುಟ್ಟ ದರಗಿನ ಹೊಗೆ, ಹಂಡೆ ಒಲೆಯ ಹೊಗೆ ಅದರೊಳಗೇ ಸಿಕ್ಕಿಕೊಂಡಿರುತ್ತೆ. ಬಿಸಿಲೇರಿದ ಮೇಲೆ ಗಾಳಿ ಕಲಕಿ ಚದುರುತ್ತೆ. ಇಳಿಸಿದ ಹಾಳೆಯಲ್ಲಿ ಡಿಸೆಂಬರ್, ಜನವರಿ ಎರಡೇ ತಿಂಗಳು ತಗೊಳ್ಳಿ. ಎಲ್ಲ ದಿನದ ಐದು ಗಂಟೆಯದ್ದು ಒಟ್ಟು ಹಾಕಿ ಸರಾಸರಿ, ಆರರದ್ದು, ಏಳರದ್ದು, ಹೀಗೆ ಹತ್ತು ಗಂಟೆವರೆಗೆ ಮಾಡಿ. ಎಷ್ಟು ಗಂಟೆಗೆ ಅಂಕಿ ಇಳಿಯೋಕೆ ಶುರುವಾಗುತ್ತೆ ಅಂತ ಗೊತ್ತಾಗುತ್ತೆ. ಅದನ್ನೂ ಕ್ಯಾಲೆಂಡರನ್ನೂ ಒಟ್ಟಿಗೆ ಡಾಕ್ಟರಿಗೆ ಕೊಡಿ, ಔಷಧಿಯ ಮಾತು ಅವರದ್ದು. ಹಾಳೆ ಮಾಡುವಾಗ ಎಲ್ಲಾದ್ರೂ ಸಿಕ್ಕಿಕೊಂಡ್ರೆ ಇಲ್ಲೇ ಹಾಕಿ, ರಾತ್ರಿ ಕೂತು ನೋಡ್ತೀನಿ.