ಜಿಟಿ86 ಟ್ರ್ಯಾಕ್ ಕಾರಿಗೆ ಯಾವ ಹೆಡರ್? ಈಕ್ವಲ್ ಲೆಂತ್, ಅನ್‌ಈಕ್ವಲ್, ಕ್ಯಾಟ್ ಇರೋದು, ಇಲ್ಲದ್ದು

ಬಾಕ್ಸರ್_ನಾಲ್ಕು

ಕಾರು 2014ರ ಟೊಯೋಟಾ ಜಿಟಿ86, ಮ್ಯಾನುಯಲ್, ಇರೋದು ಇಂಗ್ಲೆಂಡಿನಲ್ಲಿ. ಎಂಜಿನ್ ಸ್ಟಾಕ್ (ಕಂಪನಿ ಕೊಟ್ಟಿದ್ದೇ), ಹಿಂದಿನ ಸೈಲೆನ್ಸರ್ ಸ್ಟಾಕ್, ಟೈರ್ 215/45 ಆರ್17. ರಸ್ತೆಗಿಳಿಯೋದು ಟ್ರ್ಯಾಕಿಗೆ ಹೋಗಿ ಬರೋಕೆ ಮಾತ್ರ, ಆದರೂ ಎಂಒಟಿ (ಅಲ್ಲಿನ ವಾರ್ಷಿಕ ವಾಹನ ತಪಾಸಣೆ) ಪಾಸಾಗಲೇಬೇಕು. ಹೆಚ್ಚಾಗಿ ಬೆಡ್‌ಫರ್ಡ್ ಆಟೋಡ್ರೋಮ್, ಅಂದರೆ ಸದ್ದಿನ ಮಿತಿ ನಿಂತಲ್ಲಿ 101 ಡೆಸಿಬೆಲ್, ಓಡುವಾಗ 87.5.

3500ರಿಂದ 4500 ಆರ್‌ಪಿಎಂ ನಡುವಿನ ಆ ಕುಖ್ಯಾತ ಟಾರ್ಕ್ ಹಳ್ಳ (ಎಂಜಿನ್ನಿನ ಎಳೆತ ತಗ್ಗುವ ಜಾಗ) ಮುಚ್ಚಬೇಕು ಅಂತ ಹೆಡರ್ (ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಪೈಪುಗಳ ಗುಚ್ಛ) ಹುಡುಕುತ್ತಿದ್ದೇನೆ. ಮೂರು ಪ್ರಶ್ನೆ: ಈಕ್ವಲ್ ಲೆಂತೋ (ಎಲ್ಲ ಪೈಪೂ ಒಂದೇ ಉದ್ದ) ಅನ್‌ಈಕ್ವಲ್ಲೋ? ಪೈಪಿನ ವ್ಯಾಸ ಎಷ್ಟಿರಬೇಕು? ಟ್ಯೂನ್ (ಎಂಜಿನ್ ಕಂಪ್ಯೂಟರಿನ ಹೊಂದಾಣಿಕೆ) ಮಾಡಿಸದೆ ಹಾಕಬಹುದಾ?

ಫೈರಿಂಗ್_ಆರ್ಡರ್

ಮೊದಲು ಕ್ಯಾಟ್ (ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ವಿಷಯ ತೀರ್ಮಾನ ಮಾಡಿಕೊಳ್ಳಿ, ಆಮೇಲೆ ಉದ್ದ ವ್ಯಾಸದ ಮಾತು. ಈ ಕಾರಿನ ಎಫ್‌ಎ20 ಎಂಜಿನ್ನಿನಲ್ಲಿ ಮೊದಲ ಕ್ಯಾಟ್ ಕೂತಿರೋದು ಸ್ಟಾಕ್ ಹೆಡರ್‌ನೊಳಗೇ. ಹೆಡರ್ ಬಿಚ್ಚಿದರೆ ಅದೂ ಹೋಯಿತು. ಕಂಪನಿ ಕೊಟ್ಟ ಕ್ಯಾಟ್ ಜಾಗದಲ್ಲಿ ಇಲ್ಲದಿದ್ದರೆ ಎಂಒಟಿ ಫೇಲ್. ಫಾಸ್ಟ್ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.2 ಶೇಕಡಾ ಮೀರಬಾರದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣ) 0.97ರಿಂದ 1.03ರೊಳಗೆ ಇರಬೇಕು. ಹಾಗಾಗಿ ನಿಮಗೆ ಬೇಕಾದ್ದು 200 ಸೆಲ್ (ಚದರ ಇಂಚಿಗೆ 200 ರಂಧ್ರ) ಲೋಹದ ಕ್ಯಾಟ್ ಇರುವ ಹೆಡರ್. ಎಚ್‌ಕೆಎಸ್ ಕಂಪನಿ ಈ ಕಾರಿಗೆ ಕ್ಯಾಟ್ ಸಮೇತದ ಮ್ಯಾನಿಫೋಲ್ಡ್, ಅಂದರೆ ಹೆಡರ್, ಮಾಡಿದೆ. ಕ್ಯಾಟ್ ಇಲ್ಲದ್ದಕ್ಕೆ ಹೋಲಿಸಿದರೆ ಪವರ್‌ನಲ್ಲಿ ಕಳೆದುಕೊಳ್ಳೋದು ಅಲ್ಪ. ಸದ್ದಿನಲ್ಲಿ ಮಾತ್ರ ದೊಡ್ಡ ಲಾಭ, ನಿಮ್ಮ 87.5ಕ್ಕೆ ಅದು ಬೇಕೇಬೇಕು.

ಈಗ ಉದ್ದದ ವಿಷಯ. ಎಂಜಿನ್ನಿನ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಹೊತ್ತಿಕೊಳ್ಳುವ ಕ್ರಮ) 1-3-2-4. ಒಂದು ಬದಿಯಲ್ಲಿ 1 ಮತ್ತು 3, ಇನ್ನೊಂದು ಬದಿಯಲ್ಲಿ 2 ಮತ್ತು 4. ಅಂದರೆ ಒಂದೇ ಬದಿಯ ಎರಡು ಸಿಲಿಂಡರ್ ಬೆನ್ನುಬೆನ್ನಿಗೆ, 180 ಡಿಗ್ರಿ ಅಂತರದಲ್ಲಿ ಹೊತ್ತಿಕೊಳ್ಳುತ್ತವೆ. ಹತ್ತಿರದ ಎರಡನ್ನು ಅಲ್ಲೇ ಸೇರಿಸಿದರೆ ಒಂದರ ಒತ್ತಡದ ಅಲೆ ಇನ್ನೊಂದರ ವಾಲ್ವ್ ತೆರೆದಿರುವಾಗಲೇ ಹೋಗಿ ಬಡಿಯುತ್ತದೆ. ಅನ್‌ಈಕ್ವಲ್ ಹೆಡರ್‌ನ ಗುಡುಗುಡು ಸದ್ದು ಹುಟ್ಟೋದು ಈ ಅಸಮ ಅಲೆಗಳಿಂದ. ಸರಿಯಾದ 4-2-1 (ನಾಲ್ಕು ಪೈಪು ಎರಡಾಗಿ, ಎರಡು ಒಂದಾಗಿ ಸೇರುವ) ಈಕ್ವಲ್ ಹೆಡರ್‌ನಲ್ಲಿ 1ನ್ನು 2ರ ಜೊತೆ, 3ನ್ನು 4ರ ಜೊತೆ ಸೇರಿಸುತ್ತಾರೆ. ಆ ಜೋಡಿಗಳ ನಡುವೆ 360 ಡಿಗ್ರಿ ಅಂತರ, ಯಾರೂ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಇದಕ್ಕಾಗಿ ಪೈಪುಗಳು ಎಂಜಿನ್ ಕೆಳಗೆ ಒಂದು ಬದಿಯಿಂದ ಇನ್ನೊಂದಕ್ಕೆ ದಾಟಬೇಕು. ಖರೀದಿಗೆ ಮುಂಚೆ ಫೋಟೋದಲ್ಲಿ ಆ ದಾಟುವಿಕೆ ಕಾಣುತ್ತದಾ ನೋಡಿ. "ಈಕ್ವಲ್" ಅಂತ ಬರೆದು ಬದಿಯ ಎರಡನ್ನೇ ಜೋಡಿಸಿದ ಅಗ್ಗದ ಹೆಡರ್‌ಗಳೂ ಮಾರುಕಟ್ಟೆಯಲ್ಲಿವೆ.

ಟೊಮೇ ಕಂಪನಿ ಎರಡೂ ಬಗೆ ಮಾಡುತ್ತದೆ. ಸದ್ದಿಗಾಗಿ ಅನ್‌ಈಕ್ವಲ್ ತಗೊಳ್ಳೋರನ್ನು ದೂರಲಾರೆ, ಆದರೆ ಲ್ಯಾಪ್ ಟೈಮಿಗೆ ಅಂದರೆ ಈಕ್ವಲ್.

ಮೂರನೇ_ಗೇರ್

ಹಳ್ಳದ ಬಗ್ಗೆ ನನ್ನದೊಂದು ತಕರಾರು. ಟ್ರ್ಯಾಕಿನಲ್ಲಿ ಆ ಹಳ್ಳಕ್ಕೆ ನೀವು ಬೀಳೋದು ಯಾವಾಗ, ಲೆಕ್ಕ ಹಾಕಿ. ಎರಡನೇ ಗೇರಿನ ಅನುಪಾತ 2.188, ಮೂರನೇದು 1.541, ನಾಲ್ಕನೇದು 1.213. 7400ರಲ್ಲಿ ಎರಡರಿಂದ ಮೂರಕ್ಕೆ ಹಾಕಿದರೆ 5200 ಆಸುಪಾಸಿಗೆ ಇಳಿಯುತ್ತದೆ. ಮೂರರಿಂದ ನಾಲ್ಕಕ್ಕೆ 5800. ಹಳ್ಳ ಬಹಳ ಕೆಳಗೇ ಉಳಿಯಿತು.

ಬೀಳೋದು ಒಂದೇ ಕಡೆ: ನಿಧಾನದ ತಿರುವಿಗೆ ಮೂರನೇ ಗೇರಿನಲ್ಲೇ ನುಗ್ಗಿದಾಗ. 4.1 ಫೈನಲ್ ಡ್ರೈವ್, ನಿಮ್ಮ ಟೈರ್, ಮೂರನೇ ಗೇರ್, 4000 ಆರ್‌ಪಿಎಂ ಅಂದರೆ ಸುಮಾರು 75 ಕಿಮೀ ವೇಗ. ಅದೇ ವೇಗಕ್ಕೆ ಎರಡನೇ ಗೇರಿನಲ್ಲಿ ಎಂಜಿನ್ 5700ರ ಹತ್ತಿರ ಇರುತ್ತದೆ. ಹೀಲ್ ಆಂಡ್ ಟೋ (ಬ್ರೇಕ್ ಒತ್ತುತ್ತಲೇ ಆಕ್ಸಿಲರೇಟರ್ ತಟ್ಟುವುದು) ಮಾಡಿ ಎರಡಕ್ಕೆ ಇಳಿಸಿದರೆ ಹೆಡರ್ ಇಲ್ಲದೆಯೇ ಹಳ್ಳ ಮಾಯ. ಆದ್ದರಿಂದ ಹಳ್ಳ ಎಷ್ಟು ಮುಚ್ಚಿತು ಅನ್ನೋ ಡೈನೋ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಚಿತ್ರ ನೋಡಿ ಕೊಳ್ಳಬೇಡಿ. 5000ದಿಂದ 7400ರವರೆಗಿನ ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ ನೋಡಿ. ರಸ್ತೆ ಕಾರಿಗೆ ನನ್ನ ಉತ್ತರ ಬೇರೆಯೇ ಇರುತ್ತಿತ್ತು.

ಆರ್ಗಾನ್_ಪರ್ಜ್

ವ್ಯಾಸಕ್ಕೆ ಒಂದು ಹಳೆಯ ಲೆಕ್ಕ ಇದೆ: ಟಾರ್ಕ್ ಶಿಖರ ಬೇಕಾದ ಆರ್‌ಪಿಎಂ ಅನ್ನು ಒಂದು ಸಿಲಿಂಡರ್‌ನ ಸಿಸಿಯಿಂದ ಗುಣಿಸಿ 2,24,000ದಿಂದ ಭಾಗಿಸಿ. ಬರೋದು ಪೈಪಿನ ಒಳ ವಿಸ್ತೀರ್ಣ, ಚದರ ಸೆಂ.ಮೀ.ನಲ್ಲಿ. ಇಲ್ಲಿ ಸಿಲಿಂಡರಿಗೆ 499.5 ಸಿಸಿ. 6500ಕ್ಕೆ 14.5 ಚದರ ಸೆಂ.ಮೀ., ಅಂದರೆ ಒಳವ್ಯಾಸ 43 ಮಿ.ಮೀ. 4500ಕ್ಕೆ ಹಾಕಿದರೆ 36 ಮಿ.ಮೀ. ಮಾತ್ರ. ಅಂದಾಜಿನ ಲೆಕ್ಕ ಇದು, ಕ್ಯಾಮ್ ಟೈಮಿಂಗ್ (ವಾಲ್ವ್ ತೆರೆದು ಮುಚ್ಚುವ ಸಮಯ) ಇದರಲ್ಲಿ ಬರುವುದಿಲ್ಲ. ಆದರೂ ಸ್ಟಾಕ್ ಎಂಜಿನ್ನಿಗೆ 48 ಮಿ.ಮೀ. ಪೈಪು ಮಾರಲು ಬಂದವನಿಗೆ ಬೇಡ ಅನ್ನೋಕೆ ಇಷ್ಟು ಸಾಕು. ದಪ್ಪ ಪೈಪಿನಲ್ಲಿ ಅನಿಲದ ವೇಗ ಬಿದ್ದು ಮುಂದಿನ ಸಿಲಿಂಡರನ್ನು ಎಳೆಯುವ ಶಕ್ತಿಯೇ ಹೋಗುತ್ತದೆ.

ಲೋಹ: 304 ಸ್ಟೇನ್‌ಲೆಸ್, 1.5 ಮಿ.ಮೀ. ಗೋಡೆ, ನಿಮ್ಮ ಬಳಕೆಗೆ ಧಾರಾಳ. ದುಡ್ಡಿದ್ದರೆ 321. ಅದರಲ್ಲಿ ಟೈಟಾನಿಯಂ ಸೇರಿರುವುದರಿಂದ ಬಿಸಿಯಲ್ಲಿ ಕ್ರೋಮಿಯಂ ಕಾರ್ಬೈಡ್ ಕಟ್ಟಿ ಬೆಸುಗೆಯ ಪಕ್ಕ ದುರ್ಬಲವಾಗುವುದು ಕಡಿಮೆ. ಬಿರುಕು ಬಿಡೋದು ಯಾವಾಗಲೂ ಎರಡೇ ಜಾಗ, ಫ್ಲಾಂಜ್ (ಎಂಜಿನ್ನಿಗೆ ಬಿಗಿಯುವ ತಟ್ಟೆ) ಬೆಸುಗೆ ಮತ್ತು ಕಲೆಕ್ಟರ್ (ಪೈಪುಗಳು ಒಂದಾಗುವ ಜಾಗ) ಕವಲು. 50 ಸೆಂ.ಮೀ. 304 ಪೈಪು 700 ಡಿಗ್ರಿ ಬಿಸಿಯೇರಿದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಆ 6 ಮಿ.ಮೀ.ಗೆ ಜಾಗ ಬೇಕು, ಅಂದರೆ ಸ್ಲಿಪ್ ಜಾಯಿಂಟ್ (ಜಾರುವ ಕೂಡಿಕೆ) ಅಥವಾ ಫ್ಲೆಕ್ಸ್ (ಬಾಗುವ ಪೈಪು). ಎಲ್ಲವನ್ನೂ ಬಿಗಿಯಾಗಿ ಬೆಸೆದರೆ ಎಲ್ಲೋ ಒಂದು ಕಡೆ ಒಡೆಯಲೇಬೇಕು.

ಬೆಸುಗೆ ಪರೀಕ್ಷೆಗೆ ಹೊರಗಿನ ಬಣ್ಣ ನೋಡಿ ಮರುಳಾಗಬೇಡಿ. ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿ. ಒಳಗೆ ಆರ್ಗಾನ್ ತುಂಬದೆ ಟಿಗ್ ಬೆಸುಗೆ ಮಾಡಿದ್ದರೆ ಕಪ್ಪಾಗಿ, ಸಕ್ಕರೆ ಹರಳಿನ ಹಾಗೆ ಉರುಟುರುಟಾಗಿ ಕಾಣುತ್ತದೆ. ಅದು ಹರಿವನ್ನೂ ಕೆಡಿಸುತ್ತದೆ, ಬಿರುಕೂ ಅಲ್ಲಿಂದಲೇ ಶುರು. ಫ್ಲಾಂಜ್ ಮೇಲೆ ಸ್ಟ್ರೇಟ್ ಎಡ್ಜ್ ಇಟ್ಟು 0.1 ಮಿ.ಮೀ. ಫೀಲರ್ ಗೇಜ್ ತೂರಿಸಿ. ತೂರಿದರೆ ವಾಪಸ್ ಕಳಿಸಿ.

ಸುತ್ತುವ ಬಟ್ಟೆ ಹಾಕಬೇಡಿ. ಲೋಹದ ಬಿಸಿ ಏರಿ, ತೇವ ಹಿಡಿದು ಹೆಡರ್ ಬೇಗ ಸಾಯುತ್ತದೆ. ಸೆರಾಮಿಕ್ ಕೋಟಿಂಗ್ ಮಾಡಿಸಿ. ಈ ಕಾರಿನಲ್ಲಿ ಹೆಡರ್ ಹಾದುಹೋಗುವುದು ಆಯಿಲ್ ಪ್ಯಾನ್ ಪಕ್ಕದಲ್ಲೇ, ಎಣ್ಣೆ ಬಿಸಿಯಾಗೋದು ಟ್ರ್ಯಾಕಿನಲ್ಲಿ ಮೊದಲೇ ಇರುವ ರೋಗ. ಆಯಿಲ್ ಕೂಲರ್ ಇಲ್ಲದಿದ್ದರೆ ಹೆಡರ್ ದುಡ್ಡು ಮೊದಲು ಅದಕ್ಕೆ ಹೋಗಲಿ.

ಬಾಕ್ಸರ್_ನಾಲ್ಕು

ಗೇರ್ ಲೆಕ್ಕ ಕಣ್ಣು ತೆರೆಸಿತು. ಕ್ಯಾಟ್ ಇರುವ ಈಕ್ವಲ್ 4-2-1 ಅಂತ ಇಟ್ಟುಕೊಳ್ಳೋಣ. ಟ್ಯೂನ್ ಮತ್ತು ಜೋಡಣೆ ಬಗ್ಗೆ ಯಾರಾದರೂ?

ಲ್ಯಾಂಬ್ಡಾ_ಒಂದು

ಟ್ಯೂನ್ ಇಲ್ಲದೆ ಕಾರು ಓಡುತ್ತದೆ, ಆದರೆ ಕೊಟ್ಟ ದುಡ್ಡಿನ ಅರ್ಧ ಕೂಡ ವಸೂಲಾಗುವುದಿಲ್ಲ. ಹರಿವು ಬದಲಾದ ಮೇಲೆ ಏರ್‌ಫ್ಲೋ ಸ್ಕೇಲಿಂಗ್, ಇಗ್ನಿಷನ್, ಎರಡೂ ಕ್ಯಾಮ್‌ಗಳ ಟೈಮಿಂಗ್ ಹೊಸದಾಗಿ ಹೊಂದಿಸಬೇಕು. ಹಳ್ಳ ಮುಚ್ಚುವುದರಲ್ಲಿ ಕ್ಯಾಮ್ ಟೇಬಲ್ಲಿನ ಪಾಲು ದೊಡ್ಡದು. ಈಕ್ಯುಟೆಕ್ ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಎಲ್ಲವೂ ಸಿಗುತ್ತವೆ. ಕಂಪ್ರೆಷನ್ 12.5, ಆದ್ದರಿಂದ 98 ಆಕ್ಟೇನ್ ಹಾಕಿಯೇ ಟ್ಯೂನ್ ಮಾಡಿಸಿ, ಟ್ರ್ಯಾಕಿನಲ್ಲೂ ಅದನ್ನೇ ಹಾಕಿ. 200 ಸೆಲ್ ಕ್ಯಾಟ್ ಹಾಕಿದ ಮೇಲೆ ಪಿ0420 (ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ) ಕೋಡ್ ಬರಬಹುದು. ಹಾಗೆ ಬಂದರೆ ಕೋಡ್ ಅಳಿಸುವ ಮುನ್ನ ಸೋರಿಕೆ ಇದೆಯಾ ನೋಡಿ.

ಜೋಡಣೆ: ಹಿಂದಿನ ದಿನವೇ ನಟ್‌ಗಳಿಗೂ ಆಕ್ಸಿಜನ್ ಸೆನ್ಸರ್ ಬುಡಕ್ಕೂ ಪೆನಿಟ್ರೇಟಿಂಗ್ ಎಣ್ಣೆ ಬಿಡಿ. ಬ್ಯಾಟರಿ ತೆಗೆದು, ಸೆನ್ಸರ್ ಪ್ಲಗ್ ಬಿಡಿಸಿ, ಹೆಡರ್ ಹಿಂದಿನ ಓವರ್‌ಪೈಪ್ ಸಡಿಲಿಸಿ, ಕೊನೆಗೆ ಹೆಡ್ ನಟ್‌ಗಳು. ಹೊಸ ಗ್ಯಾಸ್ಕೆಟ್ ಕಡ್ಡಾಯ. ಹಾಕುವಾಗ ಎಲ್ಲ ನಟ್‌ಗಳನ್ನೂ ಮೊದಲು ಕೈಯಲ್ಲೇ ಕೂರಿಸಿ. ಆಮೇಲೆ ಹೆಡ್ ಫ್ಲಾಂಜ್, ಕಲೆಕ್ಟರ್, ಓವರ್‌ಪೈಪ್, ಇದೇ ಕ್ರಮದಲ್ಲಿ, ಸರ್ವಿಸ್ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ. ಹಿಂದಿನಿಂದ ಶುರು ಮಾಡಿದರೆ ಹೆಡ್ ಫ್ಲಾಂಜ್ ಓರೆಯಾಗಿ ಕೂತು ಸೋರುತ್ತದೆ. ಎರಡು ಮೂರು ಬಾರಿ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ಪರೀಕ್ಷಿಸಿ.

ಮುಂದಿನ ಸೆನ್ಸರ್ ಕಲೆಕ್ಟರ್ ದಾಟಿದ ಮೇಲೆ, ನಾಲ್ಕೂ ಸಿಲಿಂಡರಿನ ಹೊಗೆ ಸಿಗುವ ಜಾಗದಲ್ಲಿ ಇರಬೇಕು. ತುದಿ ಕೆಳಮುಖವಾಗಿರಬೇಕು, ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ. ಇಲ್ಲದಿದ್ದರೆ ತಣ್ಣಗಿನ ಸ್ಟಾರ್ಟ್‌ನಲ್ಲಿ ನೀರು ಕೂತು ಒಳಗಿನ ಸೆರಾಮಿಕ್ ಒಡೆಯುತ್ತದೆ. ಫ್ಲಾಂಜಿಗೆ ಸಿಲಿಕೋನ್ ಪೇಸ್ಟ್ ಬಳಿಯಬೇಡಿ, ಸೆನ್ಸರಿಗೆ ಅದು ವಿಷ. ಸೆನ್ಸರಿಗೆ ಮುಂಚೆ ಎಲ್ಲಾದರೂ ಸೋರಿದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ "ಪೆಟ್ರೋಲ್ ಸಾಲದು" ಅನ್ನುತ್ತದೆ, ಇಸಿಯು (ಎಂಜಿನ್ ಕಂಪ್ಯೂಟರ್) ಸುಮ್ಮನೆ ಇನ್ನಷ್ಟು ಸುರಿಯುತ್ತದೆ. ತಣ್ಣಗಿರುವಾಗ ಟಿಕ್ ಟಿಕ್ ಸದ್ದು, ಬಿಸಿಯಾದ ಮೇಲೆ ಮಾಯ, ಫ್ಯೂಯಲ್ ಟ್ರಿಮ್ (ಇಸಿಯು ಮಾಡುವ ಪೆಟ್ರೋಲ್ ತಿದ್ದುಪಡಿ) ಮಾತ್ರ ಪ್ಲಸ್ ಕಡೆಗೆ: ಇದಿಷ್ಟು ಕಂಡರೆ ಹೆಡ್ ಗ್ಯಾಸ್ಕೆಟ್ ಅಂತ ಹೆದರಬೇಡಿ, ಹೆಡರ್ ಫ್ಲಾಂಜನ್ನೇ ಮೊದಲು ನೋಡಿ.

ಮೂರನೇ_ಗೇರ್

ಒಂದು ಬಿಟ್ಟುಹೋಯಿತು. ಕಾರು ತಗ್ಗಿಸಿದ್ದರೆ ಹೆಡರ್‌ನ ಅತಿ ಕೆಳಗಿನ ಬಿಂದುವಿನಿಂದ ನೆಲಕ್ಕೆ ಎಷ್ಟಿದೆ ಅಂತ ಅಳೆದು ಆರ್ಡರ್ ಮಾಡಿ. ದಾಟುವ ಪೈಪುಗಳಿರುವ ಈಕ್ವಲ್ ಹೆಡರ್‌ಗಳಲ್ಲಿ ಕೆಲವು ಸಬ್‌ಫ್ರೇಮಿಗಿಂತ ಕೆಳಗೆ ಜೋತುಬೀಳುತ್ತವೆ, ಎತ್ತರದ ಕರ್ಬ್ ಹತ್ತಿಸಿದರೆ ಮೊದಲು ನೆಲ ಮುಟ್ಟೋದು ಅದೇ. ಸ್ಟೀರಿಂಗ್ ಶಾಫ್ಟಿನ ರಬ್ಬರ್ ಬೂಟಿಗೂ ಪೈಪಿಗೂ ನಡುವೆ ಬೆರಳು ತೂರುವಷ್ಟು ಜಾಗ ಇಲ್ಲದಿದ್ದರೆ ಅಲ್ಲಿ ಹೀಟ್ ಶೀಲ್ಡ್ ಹಾಕಿ.