ಎರಡೂ ಕಡೆ ಗಡ್ಡೆ ಇದ್ದರೆ ನಾಲ್ಕನೇ ಹಂತವೇನಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 63 ವರ್ಷ. ಸಿಟಿ ಸ್ಕ್ಯಾನಲ್ಲಿ ಬಲ ಶ್ವಾಸಕೋಶದಲ್ಲಿ 2.4 ಸೆಂ.ಮೀ. ಗಡ್ಡೆ, ಎಡಗಡೆ 1.3 ಸೆಂ.ಮೀ. ಇನ್ನೊಂದು ಕಂಡಿದೆ. ಬಲಗಡೆಯದು ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮಾ (ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ) ಅಂತ ಬಂತು. ‘ಎರಡೂ ಕಡೆ ಇದೆ, ನಾಲ್ಕನೇ ಹಂತ, ಆಪರೇಷನ್ ಆಗಲ್ಲ’ ಅಂದರು. ಪೆಟ್ ಸ್ಕ್ಯಾನಲ್ಲಿ ಬೇರೆಲ್ಲೂ ಏನಿಲ್ಲ. ದಾರಿಯೇ ಇಲ್ವಾ?

ಉತ್ತರ (ಎದೆಭಾಗದ ಕ್ಯಾನ್ಸರ್ ಸರ್ಜನ್): ಅಷ್ಟು ಬೇಗ ಕೈಚೆಲ್ಲಬೇಡಿ. ಬಲಗಡೆಯದೇ ಎಡಕ್ಕೆ ಹರಡಿದ್ದರೆ ಅವರು ಹೇಳಿದ್ದು ಸರಿ. ಆದರೆ ಎರಡೂ ತಂತಮ್ಮಷ್ಟಕ್ಕೆ ಹುಟ್ಟಿದ ಬೇರೆ ಬೇರೆ ಕ್ಯಾನ್ಸರ್ ಆಗಿದ್ದರೆ ಪ್ರತಿಯೊಂದಕ್ಕೂ ಪ್ರತ್ಯೇಕ ಹಂತ ಕೊಡುತ್ತೇವೆ. ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಕ್ಯಾನ್ಸರ್ ತಗಲಿರದಿದ್ದರೆ ಈ ಅಳತೆಯ ಎರಡೂ ಮೊದಲನೇ ಹಂತದವು, ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಮಾಡಬಹುದು. ಒಂದೇ ಬಯಾಪ್ಸಿ ನೋಡಿ ಇದನ್ನು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ. ಎಡಗಡೆಯದನ್ನೂ ಪರೀಕ್ಷಿಸಲಿ. ಸ್ಕ್ಯಾನ್ ರಿಪೋರ್ಟಿನಲ್ಲಿ ಅದರ ಬಗ್ಗೆ ಏನು ಬರೆದಿದೆ?

ಪ್ರಶ್ನೆ: ‘ಗ್ರೌಂಡ್ ಗ್ಲಾಸ್, ನಡುವೆ ಸ್ವಲ್ಪ ಗಟ್ಟಿ ಭಾಗ’ ಅಂತಿದೆ ಸರ್. ಬಲಗಡೆಯದು ‘ಸಾಲಿಡ್’.

ಉತ್ತರ: ಇದು ಮುಖ್ಯವಾದ ಸುಳಿವು. ಗ್ರೌಂಡ್ ಗ್ಲಾಸ್ ಅಂದರೆ ಮಂಜು ಕವಿದ ಗಾಜಿನಂತೆ ಮಬ್ಬಾಗಿ, ಒಳಗಿನ ರಕ್ತನಾಳಗಳು ಕಾಣುವಂತಿರುವ ಕಲೆ. ಬೇರೆ ಕಡೆಯಿಂದ ಹರಡಿ ಬಂದ ಗಡ್ಡೆ ಸಾಮಾನ್ಯವಾಗಿ ಹೀಗಿರುವುದಿಲ್ಲ, ಗುಂಡಗೆ, ಗಟ್ಟಿಯಾಗಿರುತ್ತದೆ. ಹಾಗಾಗಿ ಅಲ್ಲೇ ಹುಟ್ಟಿರುವ ಸಂಭವ ಹೆಚ್ಚು. ಎರಡು ಗಡ್ಡೆಗಳು ಬೇರೆ ಬೇರೆಯೇ ಎಂದು ಗುರುತಿಸಲು 1975ರಲ್ಲಿ ಮಾರ್ಟಿನಿ ಮತ್ತು ಮೆಲಮೆಡ್ ಎಂಬ ವೈದ್ಯರು ಕೊಟ್ಟ ಮಾನದಂಡಗಳು ಹೆಚ್ಚಾಗಿ ಜೀವಕೋಶದ ಬಗೆ, ಗಡ್ಡೆಯ ಜಾಗ ಇವುಗಳನ್ನೇ ನೆಚ್ಚಿದ್ದವು. ಎರಡೂ ಅಡಿನೊಕಾರ್ಸಿನೋಮಾ ಆದಾಗ ಅವು ಸಾಲುವುದಿಲ್ಲ. ಈಗ ಎರಡೂ ಗಡ್ಡೆಗಳ ಜೀನ್ ಪರೀಕ್ಷೆ ಮಾಡಿ ಹೋಲಿಸುತ್ತೇವೆ. ಒಂದರಲ್ಲಿ ಇಜಿಎಫ್‌ಆರ್, ಇನ್ನೊಂದರಲ್ಲಿ ಕೆ-ರಾಸ್ ಎಂಬ ಜೀನಿನ ಬದಲಾವಣೆ ಸಿಕ್ಕರೆ ಬೇರೆ ಬೇರೆ ಎನ್ನಲು ಅದು ಬಲವಾದ ಆಧಾರ. ಎರಡರಲ್ಲೂ ಒಂದೇ ಸಿಕ್ಕರೆ ಮಾತ್ರ ಅವಸರ ಬೇಡ. ಎಲ್858ಆರ್‌ನಂಥ (ಇದು ಇಜಿಎಫ್‌ಆರ್ ಜೀನಿನದು) ಸಾಮಾನ್ಯ ಬದಲಾವಣೆ ಎರಡು ಕಡೆ ಕಾಕತಾಳೀಯವಾಗಿಯೂ ಬರಬಹುದು. ಒಟ್ಟಿಗೆ ಹೆಚ್ಚು ಜೀನ್‌ಗಳನ್ನು ನೋಡುವ ಪರೀಕ್ಷೆ (ಪ್ಯಾನೆಲ್) ಕೇಳಿ.

ಪ್ರಶ್ನೆ: ಬೇರೆ ಬೇರೆ ಅಂತಾದರೆ ಎರಡೂ ಒಟ್ಟಿಗೆ ತೆಗೀತೀರಾ? ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ.

ಉತ್ತರ: ಮೊದಲು ಮೆದುಳಿನ ಎಂಆರ್‌ಐ ಆಗಲಿ, ಎದೆಯ ನಡುವಿನ ಗ್ರಂಥಿಗಳಿಂದ ಇಬಸ್ (ಶ್ವಾಸನಾಳದೊಳಗೆ ಇಳಿಸುವ ಅಲ್ಟ್ರಾಸೌಂಡ್ ಕೊಳವೆ) ಮೂಲಕ ಸೂಜಿ ಮಾದರಿ ತೆಗೆಯಲಿ. ಏದುಸಿರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು, ಉಸಿರಾಟದ ಪರೀಕ್ಷೆಗಳೇ ಮುಂದಿನದನ್ನು ನಿರ್ಧರಿಸುತ್ತವೆ. ಸಾಮಾನ್ಯವಾಗಿ ಹೆಚ್ಚು ಅಪಾಯದ ಗಡ್ಡೆಗೆ, ಇಲ್ಲಿ ಬಲಗಡೆಯದಕ್ಕೆ, ಮೊದಲು ಕೈ ಹಾಕುತ್ತೇವೆ. ಚೇತರಿಸಿಕೊಂಡ ಮೇಲೆ ಎಡಗಡೆ ಇಡೀ ಲೋಬ್ (ಶ್ವಾಸಕೋಶದ ಒಂದು ದೊಡ್ಡ ಭಾಗ) ತೆಗೆಯದೆ ಅದರೊಳಗಿನ ಒಂದು ಸೆಗ್‌ಮೆಂಟ್ ಮಾತ್ರ ತೆಗೆಯಬಹುದು. ಉಸಿರಿಗೆ ಅಷ್ಟೂ ತಾಳಿಕೆ ಇಲ್ಲದಿದ್ದರೆ ಎಡಗಡೆಗೆ ಎಸ್‌ಬಿಆರ್‌ಟಿ, ಅಂದರೆ ಗುರಿಯಿಟ್ಟು ಕೆಲವೇ ಸಲ ಕೊಡುವ ರೇಡಿಯೇಶನ್. ಜೀನ್ ಬದಲಾವಣೆಗೆ ಗುರಿಯಿಟ್ಟ ಬರೀ ಮಾತ್ರೆ ಕೊಟ್ಟು ನೋಡೋಣ ಅಂತ ಯಾರಾದರೂ ಅಂದರೆ ಎರಡೂ ಗಡ್ಡೆಗಳ ಜೀನ್ ರಿಪೋರ್ಟ್ ಕೇಳಿ, ಒಂದು ಕರಗಿ ಇನ್ನೊಂದು ಬೆಳೆಯುತ್ತಲೇ ಇರಬಹುದು. ಬಯಾಪ್ಸಿಯ ಸ್ಲೈಡ್, ಬ್ಲಾಕ್ (ಮೇಣದಲ್ಲಿಟ್ಟ ಮಾದರಿ), ಸ್ಕ್ಯಾನ್ ಸಿಡಿ ಎಲ್ಲ ತೆಗೆದುಕೊಂಡು ಟ್ಯೂಮರ್ ಬೋರ್ಡ್ (ಬೇರೆ ಬೇರೆ ತಜ್ಞರು ಕೂಡಿ ಚಿಕಿತ್ಸೆ ತೀರ್ಮಾನಿಸುವ ತಂಡ) ಇರುವ ಕಡೆ ಈ ವಾರವೇ ತೋರಿಸಿ.